ಮೂರನೆಯ ಹಾಡಿನ ತಪ್ಪು

ಸಂಜೆ ಆರು ಗಂಟೆಗೆ ಸರಿಯಾಗಿ ಮಗಳು ಟಿವಿಯಲ್ಲಿ ಸುಳ್ಳು ಡ್ರಮ್ ಬಾರಿಸಲಿದ್ದಳು. ಅದನ್ನು ಕೆಡಿಸಲು ಅಪ್ಪನ ಬಳಿ ಇದ್ದದ್ದು ಒಂದು ಕೀಲಿಗೊಂಚಲು, ಒಂದು ಸ್ಕ್ರೂಡ್ರೈವರ್, ಮತ್ತು ಇಪ್ಪತ್ತೆಂಟು ವರ್ಷಗಳಿಂದ ಆರದಂತೆ ಕಾಪಾಡಿಕೊಂಡು ಬಂದ ಸಿಟ್ಟು.

ಅವನು ಆ ಎಂಟು ಮಹಡಿಯ ಟಿವಿ ಕಟ್ಟಡದ ಲಿಫ್ಟ್ ಮೆಕ್ಯಾನಿಕ್. ಕಾವಲುಗಾರನಿಂದ ಹಿಡಿದು ವಾರ್ತೆ ಓದುವವರ ತನಕ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಗುಡುಗು ಎಂದೇ. ರಾಕ್ ಸಂಗೀತದ ಮಾತು ಬಂದರೆ ಅವನ ದನಿ ಮಹಡಿಯಿಂದ ಮಹಡಿಗೆ ಲಿಫ್ಟಿಗಿಂತ ಬೇಗ ತಲುಪುತ್ತಿತ್ತು. ಸ್ಟುಡಿಯೋದಲ್ಲಿ ಕೂತು ಮಾಡಿದ ಹಾಡೆಂದರೆ ಅವನಿಗೆ ಪೌಡರ್ ಬಳಿದು ತೆಗೆಸಿಕೊಂಡ ಮದುವೆ ಫೋಟೋ. ಕೊನೆಯಲ್ಲಿ ಸದ್ದನ್ನು ಮೆಲ್ಲಗೆ ಇಳಿಸಿ ಮಾಯವಾಗುವ ಹಾಡುಗಳು, ನೆಂಟರ ಮನೆಯಿಂದ ಹೇಳದೆ ಕೇಳದೆ ಜಾರಿಕೊಳ್ಳುವವರ ಜಾತಿ. ಸಂಗೀತ ಕಛೇರಿಯ ನಡುವೆ ಫೋನು ಎತ್ತಿ ಹಿಡಿಯುವವರು ಕಣ್ಣೆದುರಿನ ಊಟ ಬಿಟ್ಟು ಕನ್ನಡಿಯ ಊಟಕ್ಕೆ ಕೈ ಚಾಚುವ ಮೂರ್ಖರು. ಇನ್ನು ಟಿವಿ, ಅದು ಅವನಿಗೆ ಸಂಬಳ ಕೊಡುತ್ತಿತ್ತು, ಆದ್ದರಿಂದ ಅದನ್ನು ಎಲ್ಲಕ್ಕಿಂತ ಹೆಚ್ಚು ಬೈಯುವ ಹಕ್ಕು ತನಗಿದೆ ಎಂದು ನಂಬಿದ್ದ.

ಅವನು ನಂಬಿದ್ದ ವಸ್ತು ಒಂದೇ: ಕಪ್ಪು ಹೊದಿಕೆಯ ಒಂದು ಲೈವ್ ಆಲ್ಬಂ. ಈ ಊರಿನ ದೊಡ್ಡ ಹಾಲ್‌ನಲ್ಲಿಯೇ ಅದು ರೆಕಾರ್ಡ್ ಆದದ್ದು. ಆಗ ಇಪ್ಪತ್ತೈದರ ಹರೆಯದ ಅವನು ವೇದಿಕೆಗೆ ಎದೆಯಾನಿಸಿ ನಿಂತಿದ್ದ. ಅದರ ಮೂರನೆಯ ಹಾಡಿನಲ್ಲಿ, ಎರಡನೆಯ ಚರಣಕ್ಕೆ ಮುನ್ನ, ಡ್ರಮ್ಮರ್ ಅರ್ಧ ಪೆಟ್ಟು ತಡವಾಗಿ ಬರುತ್ತಾನೆ. ಹಾಡು ಮುಗ್ಗರಿಸುತ್ತದೆ, ಎಲ್ಲ ಮುಗಿಯಿತು ಎನ್ನುವಷ್ಟರಲ್ಲಿ ಎದ್ದು ನಿಲ್ಲುತ್ತದೆ, ಜನ ಹೋ ಎನ್ನುತ್ತಾರೆ. ಆ ಹೋ ಎಂಬುದರಲ್ಲಿ ತನ್ನ ದನಿಯೂ ಇದೆಯೆಂದು ಅವನು ಸಾವಿರ ಸಲ ಹೇಳಿದ್ದ. ಮಗಳಿಗೆ ಎಂಟು ತುಂಬಿದಾಗ ಕೈಗೆ ಡ್ರಮ್ ಕಡ್ಡಿ ಕೊಟ್ಟು ಅದೇ ರೆಕಾರ್ಡಿನಿಂದ ಪಾಠ ಶುರು ಮಾಡಿದ. ಆ ತಪ್ಪನ್ನೂ ಬಿಡದೆ ಕಲಿಸಿದ. "ಬದುಕಿರೋರು ಎಡವುತ್ತಾರೆ ಮಗಳೇ. ಸತ್ತೋರು ಮಾತ್ರ ಎಡವಲ್ಲ."

ಈಗ ಮಗಳಿಗೆ ಇಪ್ಪತ್ತೆರಡು. ಗೆಳತಿಯರು ಮೂವರೊಡನೆ ಸೇರಿ ಒಂದು ತಂಡ ಕಟ್ಟಿದ್ದಳು. ಆ ದಿನ ಬೆಳಿಗ್ಗೆ ಚಹಾ ಹೀರುತ್ತ ಅವಳು ನಿಜ ಹೇಳಿದ್ದಳು.

"ಅಪ್ಪ, ಸಂಜೆ ನಾವು ನುಡಿಸಲ್ಲ. ನುಡಿಸಿದ ಹಾಗೆ ಮಾಡ್ತೀವಿ. ಹಾಡು ಮೊದಲೇ ರೆಕಾರ್ಡ್ ಆಗಿದೆ."

"ಹಾಗೆ ಮಾಡೋದು ಅಂದ್ರೆ?"

"ಡ್ರಮ್‌ಗೆ, ತಾಳದ ತಟ್ಟೆಗಳಿಗೆ ರಬ್ಬರ್ ಹೊದಿಸಿರ್ತಾರೆ. ಸದ್ದು ಬರಲ್ಲ. ಕೈ ಆಡಿಸೋದು, ಅಷ್ಟೇ."

"ಉಂಡ ಹಾಗೆ ಮಾಡಿದ್ರೆ ಹೊಟ್ಟೆ ತುಂಬುತ್ತಾ?"

"ಕೇಳು ಮೊದಲು. ದೊಡ್ಡ ಹಾಲ್‌ನವರು ಟಿವೀಲಿ ಬಂದವರಿಗೆ ಮಾತ್ರ ವೇದಿಕೆ ಕೊಡ್ತಾರೆ. ಇವತ್ತು ನಾಲ್ಕು ನಿಮಿಷ ಸರಿಯಾಗಿ ಆದ್ರೆ ಭಾನುವಾರ ಎರಡು ಗಂಟೆ ನಿಜವಾಗಿ ನುಡಿಸ್ತೀವಿ. ಇವತ್ತು ಕೆಟ್ರೆ ಅದೂ ಇಲ್ಲ. ಎರಡು ವರ್ಷದಿಂದ ಕಾದಿದ್ದೀವಿ ಅಪ್ಪ."

"ಸುಳ್ಳಿನ ಮೆಟ್ಟಿಲು ಹತ್ತಿ ಸಿಗೋ ವೇದಿಕೆ ನಮಗೆ ಬೇಡ."

"ನಿಮಗೆ ಯಾರು ಕೊಟ್ರು?" ಎಂದಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ, ಸೂಜಿಯಿಂದ ಕಣ್ಣು ತೆಗೆಯದೆ. "ಇವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೇದು ತೋರಿಸಿದ್ರೆ ಅದು ಬಾಲ ಅಂತಾರೆ. ನೀನು ಹೊರಡಮ್ಮ."

ಬಾಗಿಲಲ್ಲಿ ನಿಂತು ಮಗಳು ತಿರುಗಿದ್ದಳು. "ಇವತ್ತು ಐದನೇ ಮಹಡಿ ಸ್ಟುಡಿಯೋಗೆ ಬರಬೇಡ ಅಪ್ಪ. ಲಿಫ್ಟ್ ನೋಡ್ಕೊ, ಸಾಕು."

ಆ 'ಸಾಕು' ಎಂಬ ಮಾತು ಹೊತ್ತೇರಿದಂತೆಲ್ಲ ಅವನ ತಲೆಯಲ್ಲಿ ಕಾದ ಕಬ್ಬಿಣವಾಯಿತು. ಸಂಜೆ ಐದಕ್ಕೆ ಅವನು ನಾಲ್ಕನೆಯ ಮಹಡಿಯಲ್ಲಿ ಎರಡನೆಯ ಲಿಫ್ಟಿನ ಬಾಗಿಲ ಚಿಲಕವನ್ನು ಸರಿಪಡಿಸುತ್ತಿದ್ದಾಗ, ನಾಲ್ವರು ಹುಡುಗಿಯರು ನಗುತ್ತ ಮೆಟ್ಟಿಲಿಳಿದು ಮೇಕಪ್ ಕೋಣೆಗೆ ಹೋದರು. ಮಗಳು ಅವನನ್ನು ನೋಡಲಿಲ್ಲ. ನೋಡಿಯೂ ನೋಡದಂತೆ ಹೋದಳೋ ಏನೋ. ಹಾಗಾದರೆ ಮೇಲೆ ಸ್ಟುಡಿಯೋ ಖಾಲಿ. ಎರಡು ಸ್ಕ್ರೂಗಳಲ್ಲಿ ಒಂದನ್ನು ಬಿಗಿದಿದ್ದ, ಇನ್ನೊಂದು ಅಂಗೈಯಲ್ಲಿತ್ತು. ಅದನ್ನು ಜೇಬಿಗೆ ಹಾಕಿ, ಲಿಫ್ಟನ್ನು ಚಾಲೂ ಮಾಡಿ, ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಮೂವತ್ತು ವರ್ಷದ ಕೆಲಸದಲ್ಲಿ ಅರ್ಧ ಬಿಗಿದ ಚಿಲಕವನ್ನು ಬಿಟ್ಟು ಹೋದದ್ದು ಅದೇ ಮೊದಲು.

ಹಿಂಬಾಗಿಲ ಕೀಲಿ ಅವನಲ್ಲೇ ಇತ್ತು. ಒಳಗೆ ನೀಲಿ ಬೆಳಕು, ತಣ್ಣನೆ ಗಾಳಿ, ಸುಮಾರು ಅರವತ್ತು ಖಾಲಿ ಕುರ್ಚಿ. ವೇದಿಕೆಯ ಮೇಲೆ ಮಗಳ ಡ್ರಮ್‌ಗಳು ಬಾಯಿಗೆ ಬಟ್ಟೆ ತುರುಕಿಸಿಕೊಂಡವರಂತೆ ಕೂತಿದ್ದವು. ಪ್ರತಿಯೊಂದರ ಮೇಲೂ ಕಪ್ಪು ರಬ್ಬರ್ ತಟ್ಟೆ. ದೊಡ್ಡ ಡ್ರಮ್ಮಿನ ಹೊಟ್ಟೆಯಲ್ಲಿ ಎರಡು ತಲೆದಿಂಬು. ಅವನು ಒಂದೊಂದನ್ನೇ ಕಿತ್ತು ಚೀಲಕ್ಕೆ ತುಂಬಿದ. ದಿಂಬುಗಳು ಹಿಡಿಸದೆ ಹೋದಾಗ ಹಗ್ಗದಿಂದ ಚೀಲಕ್ಕೇ ಬಿಗಿದ. ಕೊನೆಯ ತಾಳದ ತಟ್ಟೆ ಬರಿದಾದಾಗ ಉಗುರಿನಿಂದ ಅದನ್ನೊಮ್ಮೆ ಮೀಟಿದ. ಕೋಣೆಯೆಲ್ಲ ಝಣ್ ಎಂದಿತು.

ಮುಂದೇನಾಗುತ್ತದೆಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಮಗಳು ಮೊದಲ ಪೆಟ್ಟು ಹಾಕುತ್ತಾಳೆ, ನಿಜವಾದ ಸದ್ದು ಹೊಮ್ಮುತ್ತದೆ, ಒಳಗಿನವರು ಬೆಚ್ಚುತ್ತಾರೆ. ಬೇರೆ ದಾರಿಯಿಲ್ಲದೆ ರೆಕಾರ್ಡ್ ನಿಲ್ಲಿಸಿ ಮೈಕುಗಳನ್ನು ತೆರೆಯುತ್ತಾರೆ. ಊರು ಮೊದಲ ಬಾರಿಗೆ ಟಿವಿಯಲ್ಲಿ ಜೀವಂತ ಹಾಡು ಕೇಳುತ್ತದೆ. ಅಭಿಮಾನಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುವ ದಂತಕಥೆಗಳಲ್ಲಿ ಯಾವಾಗಲೂ ಹೀಗೆಯೇ ಆಗುತ್ತದೆ.

ಹಿಂಬಾಗಿಲು ಮುಚ್ಚುವಷ್ಟರಲ್ಲಿ ಫೋನು ಬಂತು. ಕಾವಲುಗಾರ. "ಗುಡುಗಣ್ಣ, ಎರಡನೇ ಲಿಫ್ಟು ನಾಲ್ಕು ಐದರ ಮಧ್ಯೆ ನಿಂತಿದೆ. ಒಳಗೊಬ್ರು ವಯಸ್ಸಾದವರಿದ್ದಾರೆ. ಆರು ಗಂಟೆ ಪ್ರೋಗ್ರಾಮಿನ ಅತಿಥಿಯಂತೆ."

ಜೇಬಿನಲ್ಲಿದ್ದ ಸ್ಕ್ರೂ ತೊಡೆಗೆ ಚುಚ್ಚಿತು.

ಛಾವಣಿಯ ಯಂತ್ರದ ಕೋಣೆಗೆ ಓಡಿದಾಗ ಗಂಟೆ ಐದು ಇಪ್ಪತ್ತೈದು. ಮುಖ್ಯ ಸ್ವಿಚ್ ಆರಿಸಿದ. ಇನ್ನು ಲಿಫ್ಟನ್ನು ಕೈಯಿಂದಲೇ ಎಳೆಯಬೇಕು: ಎಡಗೈಯಲ್ಲಿ ಬ್ರೇಕಿನ ಸನ್ನೆಕೋಲು ಒತ್ತಿ ಹಿಡಿದು, ಬಲಗೈಯಲ್ಲಿ ದೊಡ್ಡ ಚಕ್ರ ತಿರುಗಿಸಬೇಕು. ಒಂದು ಸುತ್ತಿಗೆ ಎರಡು ಬೆರಳಷ್ಟು ಏರಿಕೆ. ಗೋಡೆಯ ಇಂಟರ್‌ಕಾಮ್ ಒತ್ತಿದ.

"ಗಾಬರಿಯಾಗಬೇಡಿ ಯಜಮಾನರೇ. ಕಾಲು ಗಂಟೆಯಲ್ಲಿ ಹೊರಗೆ ಬಿಡ್ತೀನಿ."

"ಗಾಬರಿ ಯಾಕೆ? ಕೂರೋಕೆ ಒಂದು ಸ್ಟೂಲಿದ್ರೆ ಚೆನ್ನಾಗಿತ್ತು," ಎಂದಿತು ತಗಡಿನಂಥ ಮುದಿ ದನಿ. "ಆರಕ್ಕೆ ನನ್ನನ್ನ ಟಿವೀಲಿ ಕೂರಿಸ್ತಾರಂತೆ. ಹಳೇ ಸೌಂಡ್ ಇಂಜಿನಿಯರ್ ನಾನು. ಒಂದು ಕಪ್ಪು ರೆಕಾರ್ಡ್ ಮಾಡಿದ್ದೆ, ಅದರಿಂದ ಇನ್ನೂ ಕರೀತಾರೆ."

ಚಕ್ರ ನಿಂತಿತು. "ದೊಡ್ಡ ಹಾಲ್‌ನಲ್ಲಿ ಮಾಡಿದ್ದಾ?"

"ಅದೇ. ಕೇಳಿದ್ದೀರಾ?"

ಕೇಳಿದ್ದೀರಾ ಎಂದು ಮೀನನ್ನು ನೀರಿನ ಬಗ್ಗೆ ವಿಚಾರಿಸಿದಂತಾಯಿತು. ಹೊದಿಕೆಯ ಹಿಂದೆ ಇರುವೆಯಂಥ ಅಕ್ಷರಗಳಲ್ಲಿ ಅಚ್ಚಾಗಿದ್ದ ಈ ಮನುಷ್ಯನ ಹೆಸರಿಗೆ ಅವನು ಮನಸ್ಸಿನಲ್ಲಿ ಎಷ್ಟು ಸಲ ಕೈಮುಗಿದಿದ್ದನೋ. ಚಕ್ರ ತಿರುಗಿಸುತ್ತಲೇ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ: ತಾನು ಮುಂದೆ ನಿಂತಿದ್ದದ್ದು, ಮೂರನೆಯ ಹಾಡು, ಆ ಅರ್ಧ ಪೆಟ್ಟಿನ ತಪ್ಪು, ಜನರ ಹೋ, ಅದರಲ್ಲಿ ತನ್ನ ದನಿ. "ಬೇರೆ ಯಾರಾದ್ರೂ ಆಗಿದ್ರೆ ಆ ತಪ್ಪನ್ನ ತೊಳೆದು ಹಾಕ್ತಿದ್ರು. ನೀವು ಬಿಟ್ರಲ್ಲ ಯಜಮಾನರೇ, ಅದು ದೊಡ್ಡತನ."

ಇಂಟರ್‌ಕಾಮ್‌ನಲ್ಲಿ ಗೊರಗೊರ ಸದ್ದು. ಮುದುಕ ನಗುತ್ತಿದ್ದ.

"ಬಿಟ್ಟಿದ್ದಲ್ಲ ಮಾರಾಯ್ರೇ, ಹಾಕಿದ್ದು. ಅವತ್ತು ಯಾರೋ ಡ್ರಮ್ಮಿನ ಕೇಬಲ್ ಎಡವಿ ಕಿತ್ತುಬಿಟ್ರು. ಮೂರನೇ ಹಾಡಿಗೂ ನಾಲ್ಕನೇದಕ್ಕೂ ಡ್ರಮ್ಮೇ ರೆಕಾರ್ಡ್ ಆಗಿರಲಿಲ್ಲ. ಮುಂದಿನ ವಾರ ಡ್ರಮ್ಮರನ್ನ ಒಂದು ಕೋಣೇಲಿ ಕೂರಿಸಿ ಹೊಸದಾಗಿ ಬಾರಿಸೋಕೆ ಹೇಳಿದ್ವಿ. ಎಷ್ಟು ಚೊಕ್ಕಟವಾಗಿ ಬಂತು ಅಂದ್ರೆ, ತೊಳೆದಿಟ್ಟ ಪಾತ್ರೆ. ಲೈವ್ ಅಂತ ಯಾರು ನಂಬ್ತಾರೆ? ಒಂದು ಕಡೆ ತಪ್ಪು ಮಾಡಪ್ಪ ಅಂದೆ. ಅವನಿಗೆ ತಪ್ಪೋಕೆ ಬರಲಿಲ್ಲ ಪಾಪ. ಹನ್ನೊಂದು ಸಲ ಅಭ್ಯಾಸ ಮಾಡಿಸಿದೆ."

"ಜನ ಕೂಗಿದ್ದು?"

"ಐದನೇ ಹಾಡಲ್ಲಿ ಕರೆಂಟು ಹೋಗಿ ಬಂತಲ್ಲ, ಅಲ್ಲಿಂದ ಕತ್ತರಿಸಿ ಅಂಟಿಸಿದ್ದು."

"ನಾನು ಅಲ್ಲೇ ಇದ್ದೆ. ನಾನು ಕೂಗಿದ್ದೆ."

"ಕೂಗಿರಬಹುದು," ಎಂದಿತು ದನಿ, ಮಕ್ಕಳಿಗೆ ಸಮಾಧಾನ ಹೇಳುವಂತೆ. "ಬೇರೆ ಯಾವುದಕ್ಕೋ ಕೂಗಿದ್ದೀರಿ."

ಅವನು ಬ್ರೇಕಿನ ಸನ್ನೆಕೋಲಿನಿಂದ ಕೈ ತೆಗೆದ. ಲಿಫ್ಟು ಅಲ್ಲೇ ಕಚ್ಚಿಕೊಂಡು ನಿಂತಿತು. ಇಪ್ಪತ್ತೆಂಟು ವರ್ಷ ಅವನು ಎಷ್ಟು ಜನರೊಡನೆ ಜಗಳವಾಡಿದ್ದ, ಎಷ್ಟು ಗೆಳೆಯರನ್ನು ಕಿವಿಯಿಲ್ಲದವರೆಂದು ಹೀಯಾಳಿಸಿ ಕಳೆದುಕೊಂಡಿದ್ದ! ಈ ಮುದುಕನನ್ನು ಗಂಟೆ ಏಳಾಗುವ ತನಕ ಅಲ್ಲೇ ನೇತುಬಿಟ್ಟರೆ? ಬಿಟ್ಟರೆ ಯಾರು ಕೇಳುತ್ತಾರೆ? ಹಳೆಯ ಲಿಫ್ಟು, ಹಳೆಯ ಚಿಲಕ.

"ಮೇಸ್ತ್ರಿಗಳೇ, ಇದ್ದೀರಾ? ಕಾಲು ನೋವು ಶುರುವಾಯ್ತು."

ಅವನು ಹಲ್ಲು ಕಚ್ಚಿಕೊಂಡೇ ಕೇಳಿದ: "ಇವತ್ತು ಆ ಹುಡುಗಿಯರ ಡ್ರಮ್ಮಿಗೆ ರಬ್ಬರ್ ಇಲ್ಲದೇ ಹೋದ್ರೆ ಏನಾಗುತ್ತೆ? ಮೈಕು ತೆರೀತಾರೆ ತಾನೆ?"

"ಯಾವ ಮೈಕು? ಇಂಥ ಪ್ರೋಗ್ರಾಮಲ್ಲಿ ವೇದಿಕೆ ಮೇಲಿರೋದೆಲ್ಲ ಬರೀ ಕೋಲು, ತಂತಿ ಕೂಡ ಇಲ್ಲ. ತೆರೆದಿರೋದು ಅತಿಥಿ ಮೈಕು, ಸಭಿಕರ ಮೈಕು. ಡ್ರಮ್ಮಿನ ಸದ್ದು ಅದರೊಳಗೆ ದೂರದಿಂದ ಡಬ್ಬ ಬಡಿದ ಹಾಗೆ ಬೀಳುತ್ತೆ, ರೆಕಾರ್ಡಿಗಿಂತ ಒಂದು ಚೂರು ಹಿಂದೆ. ಮನೇಲಿ ಕೂತವರಿಗೆ ಏನನ್ನಿಸುತ್ತೆ ಹೇಳಿ? ಈ ಹುಡುಗಿಗೆ ತಾಳವೇ ಗೊತ್ತಿಲ್ಲ ಅಂತ. ಅರ್ಧ ನಿಮಿಷದಲ್ಲಿ ಜಾಹೀರಾತು ಹಾಕ್ತಾರೆ. ಆಮೇಲೆ ಆ ಮಗೂನ ಯಾರೂ ಕರೆಯಲ್ಲ. ಯಾಕೆ ಕೇಳಿದ್ರಿ?"

ಕಾಲ ಬಳಿ ಬಿದ್ದಿದ್ದ ಚೀಲದಿಂದ ರಬ್ಬರ್ ತಟ್ಟೆಯೊಂದು ಇಣುಕುತ್ತಿತ್ತು. ಗಂಟೆ ಐದು ನಲವತ್ತೊಂದು. ಲಿಫ್ಟು ಐದನೆಯ ಮಹಡಿಗೆ ತಲುಪಲು ಇನ್ನೂ ಆಳುದ್ದ ಬಾಕಿ. ಮುದುಕನನ್ನು ಬಿಟ್ಟು ಓಡುವಂತಿಲ್ಲ. ಅವನಿಲ್ಲದೆ ಕಾರ್ಯಕ್ರಮವೇ ಇಲ್ಲ. ಓಡದೆ ಇರುವಂತೆಯೂ ಇಲ್ಲ.

ಅವನು ಚಕ್ರ ಹಿಡಿದ. ಎಡ ರಟ್ಟೆ ಸನ್ನೆಕೋಲಿನ ಭಾರಕ್ಕೆ ಮರಗಟ್ಟಿತು, ಬಲ ಅಂಗೈಯ ಸುಲಿದ ಚರ್ಮ ಕಬ್ಬಿಣಕ್ಕೆ ಅಂಟಿತು. ಒಂದೊಂದು ಸುತ್ತಿಗೂ ಒಬ್ಬೊಬ್ಬರನ್ನು ಬೈದ: ಕೇಬಲ್ ಎಡವಿದವನನ್ನು, ಅಂಟಿಸಿದವನನ್ನು, ತಪ್ಪಲು ಬಾರದ ಆ ಡ್ರಮ್ಮರನ್ನು. ಕೊನೆಗೆ ಬೈಯಲು ಬೇರೆಯವರು ಸಿಗದೆ, ಸ್ಕ್ರೂ ಜೇಬಿಗೆ ಹಾಕಿಕೊಂಡವನನ್ನೂ ಬೈದ. ಲಿಫ್ಟಿನ ಉಕ್ಕಿನ ಹಗ್ಗದ ಮೇಲೆ ಐದನೆಯ ಮಹಡಿಯನ್ನು ತೋರಿಸುವ ಹಳದಿ ಗುರುತು ಮಟ್ಟಕ್ಕೆ ಬಂದಾಗ ಐದು ಐವತ್ತೆರಡು. ಕಾವಲುಗಾರನಿಗೆ ಫೋನು ಮಾಡಿ ಬಾಗಿಲು ತೆಗೆಸಿ, ಚೀಲ ಬಾಚಿಕೊಂಡು, ಮೂರು ಮಹಡಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದ.

ಸ್ಟುಡಿಯೋದಲ್ಲಿ ಕುರ್ಚಿಗಳು ತುಂಬಿದ್ದವು. ವೇದಿಕೆಯ ಮೇಲೆ ಫ್ಲೋರ್ ಮ್ಯಾನೇಜರ್ ಹೆಂಗಸು, ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಅದುಮಿದ ದನಿಯಲ್ಲಿ ಸಿಡಿಯುತ್ತಿದ್ದಳು. "ನಾಲ್ಕು ಗಂಟೆಗೆ ನಾನೇ ನಿಂತು ಹಾಕಿಸಿದ್ದೀನಿ. ರಬ್ಬರಿಗೇನು ಕಾಲು ಬಂತಾ? ಐದು ನಿಮಿಷದಲ್ಲಿ ಸಿಗದಿದ್ರೆ ನಿಮ್ಮ ತಂಡ ಇಲ್ಲ, ನೇರ ಅತಿಥಿ ಮಾತಿಗೆ ಹೋಗ್ತೀನಿ."

ಡ್ರಮ್ಮುಗಳ ಹಿಂದೆ ಮಗಳು ನಿಂತಿದ್ದಳು. ಮೇಕಪ್ಪಿನ ಕೆಳಗೆ ಮುಖ ಬೂದಿಯಾಗಿತ್ತು. ಚೀಲ ಹೊತ್ತು ಬಂದವನನ್ನು ನೋಡಿದಳು. ಚೀಲಕ್ಕೆ ಬಿಗಿದಿದ್ದ ತಲೆದಿಂಬುಗಳನ್ನು ನೋಡಿದಳು. ಕೇಳಬೇಕಾದದ್ದೇನೂ ಉಳಿದಿರಲಿಲ್ಲ.

"ಯಾರ್ರೀ ಇದು?" ಎಂದಳು ಫ್ಲೋರ್ ಮ್ಯಾನೇಜರ್.

ಅವನು ಬಾಯಿ ತೆರೆದ. ಅದಕ್ಕೆ ಮೊದಲೇ ಮಗಳು ಹೇಳಿದಳು: "ಲಿಫ್ಟ್ ರಿಪೇರಿಯವರು. ಮೆಟ್ಟಿಲ ಹತ್ರ ಬಿದ್ದಿತ್ತೇನೋ, ತಂದುಕೊಟ್ಟಿದ್ದಾರೆ." ಆಮೇಲೆ ಅವನ ಕಡೆ ತಿರುಗಿ, ಹುಟ್ಟಿದಂದಿನಿಂದ ಬಳಸದ ಮರ್ಯಾದೆಯಲ್ಲಿ ಅಂದಳು: "ಅಲ್ಲಿಟ್ಟು ಹೋಗಿ. ತುಂಬಾ ಉಪಕಾರವಾಯ್ತು."

ಅವನು ಹೋಗಲಿಲ್ಲ. ಮಂಡಿಯೂರಿ ದಿಂಬುಗಳನ್ನು ಬಿಚ್ಚಿ ದೊಡ್ಡ ಡ್ರಮ್ಮಿನ ಹೊಟ್ಟೆಗೆ ತುರುಕಿದ. ಮಗಳು ಮೇಲಿನಿಂದ ರಬ್ಬರ್ ತಟ್ಟೆಗಳನ್ನು ಕೂರಿಸುತ್ತ ಬಂದಳು. ಇಬ್ಬರ ತಲೆಗಳ ನಡುವೆ ಗೇಣಂತರ.

"ನಾನು ಅಂದುಕೊಂಡಿದ್ದು..." ಎಂದ ಅವನು.

"ಒಂದು ಮಾತು ಆಡಿದ್ರೆ ಕಿರುಚಿಬಿಡ್ತೀನಿ," ಎಂದಳು ಅವಳು ತುಟಿಯಲುಗಿಸದೆ. "ಎಲ್ಲರ ಮುಂದೆ."

ಅವಳು ಕಿರುಚುವವಳೇ, ಆ ಗಂಟಲು ಅವನದೇ ಕೊಡುಗೆ. ಅವನು ಎದ್ದು ಹೊರಗೆ ಹೋದ.

ಓಣಿಯ ಗೋಡೆಯಲ್ಲೊಂದು ಟಿವಿ ಇತ್ತು. ಆರು ಗಂಟೆಗೆ ಹಾಡು ಶುರುವಾಯಿತು. ಅವನು ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ಮಗಳ ಕೈಗಳಲ್ಲಿ ಸುಳ್ಳನ್ನು ಹುಡುಕಿದ. ಎಲ್ಲಾದರೂ ಕಡ್ಡಿ ಮೊದಲು ಇಳಿದು ಸದ್ದು ಆಮೇಲೆ ಬಂದೀತು, ಎಲ್ಲಾದರೂ ಭುಜ ಹಗುರವಾದೀತು ಎಂದು ಕಾದ. ಇಲ್ಲ. ನಾಲ್ಕು ನಿಮಿಷವೂ ಅವಳು ನಿಜವಾಗಿ ಬಾರಿಸುವಷ್ಟೇ ಬಲದಿಂದ ರಬ್ಬರನ್ನು ಹೊಡೆದಳು. ಹಣೆಯ ಬೆವರು ಮೇಕಪ್ಪನ್ನು ಸೀಳಿಕೊಂಡು ಇಳಿಯಿತು. ಗೊತ್ತಿಲ್ಲದಿದ್ದರೆ ಅವನೇ ಮೊದಲು ಹೋ ಎನ್ನುತ್ತಿದ್ದ. ಇದಕ್ಕೂ ಅವನಿಗೆ ಸಿಟ್ಟು ಬಂತು.

ಮುಂದಿನದು ಇನ್ನೂ ಕೆಟ್ಟದ್ದು. ನಿರೂಪಕ ಮುದುಕನ ಕಡೆ ಬಾಗಿ, ಆ ಕಪ್ಪು ರೆಕಾರ್ಡಿನ ಗುಟ್ಟೇನು ಎಂದು ಕೇಳಿದ. ಸೌಂಡ್ ಇಂಜಿನಿಯರ್ ಕನ್ನಡಕ ಒರೆಸಿಕೊಂಡು ಗಂಭೀರವಾಗಿ ಹೇಳಿದ: "ಅವತ್ತು ಇದ್ದದ್ದನ್ನ ಇದ್ದ ಹಾಗೇ ಇಟ್ವಿ. ಒಂದು ಕೂದಲೆಳೆಯಷ್ಟೂ ಮುಟ್ಟಲಿಲ್ಲ."

ಸಭಿಕರು ಚಪ್ಪಾಳೆ ತಟ್ಟಿದರು. ಓಣಿಯಲ್ಲಿ ಒಬ್ಬನೇ ನಿಂತಿದ್ದ ಅವನು ಕಾಫಿ ಯಂತ್ರಕ್ಕೆ ಒದ್ದ. ಒಳಗಿನಿಂದ ಒಂದು ಕಾಗದದ ಲೋಟ ಬಿತ್ತು, ಅಷ್ಟೇ.

ಏಳಕ್ಕೆ ಮಗಳು ಒಬ್ಬಳೇ ಮೊದಲನೆಯ ಲಿಫ್ಟಿಗೆ ಬಂದಳು. ಅವನು ಒಳಗೇ ಕಾದಿದ್ದ. ಬಾಗಿಲು ಮುಚ್ಚಿತು. ಲಿಫ್ಟು ಎರಡು ಮಹಡಿ ಇಳಿಯಿತು.

"ಆ ಮುದುಕ ಸುಳ್ಳು ಹೇಳಿದ," ಎಂದ ಅವನು. "ಆ ಡ್ರಮ್ಮು ಆಮೇಲೆ ಕೂರಿಸಿ ಬಾರಿಸಿದ್ದಂತೆ. ತಪ್ಪು ಕೂಡ."

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳಬೇಕು? ಹದಿನಾಲ್ಕನೇ ವಯಸ್ಸಿಗೇ ಕೇಳಿಸ್ತು. ಮೂರನೇ, ನಾಲ್ಕನೇ ಹಾಡಲ್ಲಿ ಡ್ರಮ್ಮಿನ ಹಿಂದೆ ಹಾಲ್ ಗುಂಯ್ ಅನ್ನಲ್ಲ. ಕೋಣೆ ಸದ್ದು ಅದು."

"ಮತ್ತೆ ನನಗ್ಯಾಕೆ ಹೇಳಲಿಲ್ಲ? ವರ್ಷಗಟ್ಟಲೆ ಆ ತಪ್ಪನ್ನ ಅಷ್ಟು ಶ್ರದ್ಧೆಯಿಂದ ಬಾರಿಸ್ತಿದ್ದೆಯಲ್ಲ."

"ಅದನ್ನ ಬಾರಿಸೋವಾಗ ನೀನು ನಗ್ತಿದ್ದೆ," ಎಂದಳು ಮಗಳು. "ವಾರಕ್ಕೆ ಅದೊಂದೇ ಗಂಟೆ ನೀನು ಯಾರನ್ನೂ ಬೈತಿರಲಿಲ್ಲ. ಅಮ್ಮ ಹೊಲಿಗೆ ನಿಲ್ಲಿಸಿ ಬಂದು ಬಾಗಿಲಲ್ಲಿ ಕೂರ್ತಿದ್ಲು. ಅದನ್ನ ಯಾಕೆ ಕೆಡಿಸಲಿ? ನಾನು ಕೆಡಿಸಲಿಲ್ಲ. ನೀನು ಇವತ್ತು ಏನು ಮಾಡಿದೆ?"

ಕೋಪದಲ್ಲಿ ಕೊಯ್ದ ಮೂಗಿನ ಗಾದೆ ಅವನಿಗೂ ಗೊತ್ತಿತ್ತು. ಇಂದು ಮೂಗು ಹೇಗೋ ಉಳಿದಿತ್ತು, ಕತ್ತಿ ಮಾತ್ರ ಇನ್ನೂ ತನ್ನ ಕೈಯಲ್ಲೇ ಇದೆಯೆಂದು ಅನ್ನಿಸಿತು.

"ಹಾಲ್‌ನವರು?" ಎಂದು ಕೇಳಿದ.

"ಫೋನ್ ಮಾಡಿದ್ರು. ಭಾನುವಾರ ಖಾಯಂ."

"ನನಗೊಂದು ಪಾಸು..."

"ಒಂದೇ ಪಾಸು. ಅಮ್ಮನಿಗೆ ಕೊಟ್ಟಾಯ್ತು."

"ಮತ್ತೆ ನಾನು?"

"ಬರೋದಾದ್ರೆ ಟಿಕೆಟ್ ತಗೊಂಡು ಬಾ. ಹಿಂದಿನ ಸಾಲು. ಮುಂದೆ ನಿನ್ನ ಮುಖ ಕಂಡ್ರೆ ಎದ್ದು ಹೋಗ್ತೀನಿ, ಸುಮ್ನೆ ಹೇಳ್ತಿಲ್ಲ."

ಹಿಂದಿನ ಸಾಲಿನಲ್ಲಿ ಕೂರುವವರು ಕಛೇರಿಗೆ ಬರುವುದೇ ನಿದ್ದೆ ಮಾಡಲು, ಅಲ್ಲಿಗೆ ಡ್ರಮ್ಮಿನ ಪೆಟ್ಟು ತಲುಪುವ ಹೊತ್ತಿಗೆ ತಂಗಳಾಗಿರುತ್ತದೆ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತು. ಲಿಫ್ಟು ನೆಲ ಮುಟ್ಟಿತು. ಬಾಗಿಲು ತೆರೆಯಿತು. ಮಗಳು ಹೊರಬಿದ್ದು ಕಾವಲುಗಾರನ ಮೇಜು ದಾಟಿ ಬೀದಿಯ ಕಡೆ ನಡೆದಳು. ಅವನು ಆ ಮಾತನ್ನು ನುಂಗಿದ. ಅದು ಗಂಟಲನ್ನು ಗೀರಿಕೊಂಡೇ ಇಳಿಯಿತು.

"ಕೌಂಟರ್ ಎಷ್ಟು ಗಂಟೆಗೆ ತೆಗೀತಾರೆ?" ಎಂದು ಹಿಂದಿನಿಂದ ಕೂಗಿದ.

"ಹತ್ತಕ್ಕೆ," ಎಂದಳು ಅವಳು, ತಿರುಗಿ ನೋಡದೆ. "ಸಾಲಲ್ಲಿ ಯಾರ ಹತ್ರಾನೂ ಜಗಳ ಆಡಬೇಡ."